ಸಾಹೇಬರು ಹಾಕಿಸಿದ ಬೀಗ

ತಾಲ್ಲೂಕು ಕಚೇರಿಯ ವರ್ಗಾವಣೆ ಪಟ್ಟಿ ಸಾಹೇಬರ ಕಂಪ್ಯೂಟರಿನಲ್ಲಿ ತೆರೆಯಲೊಲ್ಲದು. ಅವರು ಗುಮಾಸ್ತನನ್ನು ಕರೆಸಿ ಗುಡುಗಿದರು: "ಹತ್ತು ನಿಮಿಷದಲ್ಲಿ ತೆರೀದಿದ್ರೆ ಪಟ್ಟೀಲಿ ಮೊದಲ ಹೆಸರು ನಿಮ್ದೇ!"

ಗುಮಾಸ್ತ ಬೆವರುತ್ತಾ ಹುಡುಕಿದ. ಪಟ್ಟಿಗೆ ಬೀಗವಿರಲಿಲ್ಲ. ಅದನ್ನಿಟ್ಟಿದ್ದ ಫೋಲ್ಡರಿಗಿತ್ತು, ಅದೇ ಒಳಗಿನ ಕಡತಗಳಿಗೆಲ್ಲ ತಾನಾಗಿ ಬಿದ್ದಿತ್ತು. 'ಸಿಬ್ಬಂದಿ ಯಾರೂ ನೋಡಕೂಡದು' ಎಂದು ನಿನ್ನೆ ಹಾಕಿಸಿದವರು ಸಾಹೇಬರೇ. ಕಂಪ್ಯೂಟರಿನಲ್ಲಿ ಸಿಬ್ಬಂದಿ ಎಂದು ನಮೂದಾದವರಲ್ಲಿ ಅವರ ಹೆಸರೂ ಇತ್ತು. ತಪ್ಪು ನಿಮ್ಮದು ಎನ್ನಲು ಹೋಗಿ ಗುಮಾಸ್ತ ಮಾತು ಬದಲಿಸಿದ.

"ಸಾರ್, ಕಂಪ್ಯೂಟರು ತಮ್ಮನ್ನೂ ಸಿಬ್ಬಂದಿ ಅಂದ್ಕೊಂಡಿದೆ."

"ನಾನು ಸಿಬ್ಬಂದಿನೇನ್ರೀ? ತೆಗೀರಿ ಹೆಸರು!"

"ತೆಗೀತೀನಿ ಸಾರ್. 'ನಾನು ಈ ಕಚೇರಿಯ ಸಿಬ್ಬಂದಿಯಲ್ಲ' ಅಂತ ಒಂದು ಟಿಪ್ಪಣಿ ಬರೆದು ಸಹಿ ಹಾಕ್ಕೊಡಿ."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಎರಡಕ್ಷರ ಬರೆದರು. ತಲೆಯೆತ್ತಿ ಗುಮಾಸ್ತನನ್ನು ನೋಡಿದರು. ಮತ್ತೆ ಮುಚ್ಚಳ ಹಾಕಿದರು.

"ಆ ಬೀಗಾನೇ ತೆಗೆದುಬಿಡಿ," ಎಂದರು ಮೆಲ್ಲಗೆ. "ಟಿಪ್ಪಣಿ ಗಿಪ್ಪಣಿ ಏನೂ ಬೇಡ."