ಮೊದಲ ಪುಟದ ಹೆಸರು

ಒಬ್ಬ ಶಿಷ್ಯ ಗುರುಗಳ ಬಳಿ ಬಂದು ಕೇಳಿದ:

“ಅಪ್ಪಾವರೇ, ಮಾಡಿದ ಕೆಲಸದ ಮೇಲೆ ತನ್ನ ಹೆಸರು ಇರಬೇಕು ಎಂದು ಬಯಸುವುದು ಅಹಂಕಾರವಲ್ಲವೇ?”

“ಯಾರ ಕೆಲಸ? ಯಾರ ಹೆಸರು?” ಎಂದರು ಗುರುಗಳು.

ಶಿಷ್ಯ ವಿವರಿಸಿದ. ಅವನೇ ಕೂಡಿಸಿ ಸಿದ್ಧಪಡಿಸಿದ ಮಠದ ಹಾಡುಗಳ ಪುಸ್ತಕವೊಂದು ಅಚ್ಚಿಗೆ ಹೋಗಲಿತ್ತು. ಅದರಲ್ಲಿ ಹೆಚ್ಚಿನ ಹಾಡುಗಳು ಮಠದಲ್ಲೇ ಇರುವ ಶಿವಲಿಂಗವ್ವ ಎಂಬ ಶರಣೆ ಕಟ್ಟಿದವು. ಇಷ್ಟು ವರ್ಷ ಅವಳು ಹಾಡಿದಳು. ಯಾರ ಹಾಡು ಎಂದು ಯಾರೂ ಕೇಳಲಿಲ್ಲ. ಈಗ ಪುಸ್ತಕವಾಗುತ್ತದೆ ಎಂದಾಗ, ತನ್ನ ಹಾಡಿನ ಕೆಳಗೆ ತನ್ನ ಹೆಸರಿರಲಿ ಎನ್ನುತ್ತಿದ್ದಾಳೆ.

“ಹಾಡು ಶಿವನದು, ‘ಮಠದ ಹಾಡುಗಳು’ ಎಂದಿದ್ದರೆ ಸಾಲದೇ ಎಂದು ನಾನು ತಿಳಿಸಿ ಹೇಳಿದೆ. ಅವಳು ಒಪ್ಪಲಿಲ್ಲ. ತಾವೇ ಒಂದು ಮಾತು ಹೇಳಬೇಕು” ಎಂದ ಶಿಷ್ಯ.

“ಹೇಳೋಣ. ಅದಕ್ಕೆ ಮೊದಲು ಒಂದು ಕತೆ ಕೇಳು, ತಮ್ಮಾ” ಎಂದು ಗುರುಗಳು ಆರಂಭಿಸಿದರು.

ಇಂಗ್ಲೆಂಡಿನ ಪಕ್ಕದಲ್ಲಿ ಐರ್ಲೆಂಡ್ ಎಂಬ ದ್ವೀಪವಿದೆ. ಅಲ್ಲಿ ಡಬ್ಲಿನ್ ಎಂಬ ಪಟ್ಟಣ. ಸುಮಾರು ಮುನ್ನೂರು ವರ್ಷಗಳ ಹಿಂದೆ, ಪುಸ್ತಕದ ವ್ಯಾಪಾರ ಅಲ್ಲಿ ಇನ್ನೂ ಹೊಸದಾಗಿದ್ದ ಕಾಲದಲ್ಲಿ, ಹೊಳೆಯ ಹತ್ತಿರದ ಒಂದು ಓಣಿಯಲ್ಲಿ ಒಂದು ಪುಸ್ತಕದಂಗಡಿ ಇತ್ತು. ಮುಂದೆ ಅಂಗಡಿ, ಹಿಂದೆ ಅಚ್ಚುಕೂಟ. ಅದನ್ನು ಆಂಬ್ರೋಸ್ ಫೇಗನ್ ಎಂಬವನು ನಡೆಸುತ್ತಿದ್ದ. ಅವನು ತೀರಿಕೊಂಡ ಮೇಲೆ ಅವನ ಹೆಂಡತಿ ಹೆಸ್ಟರ್ ಅದನ್ನು ಮುಂದುವರಿಸಿದಳು.

ಆ ಊರಿನಲ್ಲಿ ಅಚ್ಚು ಹಾಕುವವರದೂ ಪುಸ್ತಕ ಮಾರುವವರದೂ ಒಂದು ಸಂಘವಿತ್ತು. ಅದು ಗಂಡಸರ ಸಂಘ. ಸದಸ್ಯನೊಬ್ಬ ಸತ್ತರೆ ಅವನ ವಿಧವೆ ಅಂಗಡಿಯನ್ನು ಇಟ್ಟುಕೊಳ್ಳಬಹುದಾಗಿತ್ತು. ಆದರೆ ಅಂಗಡಿ ಅವಳದು ಎಂದು ಯಾರೂ ಹೇಳುತ್ತಿರಲಿಲ್ಲ. ಅಂಗಡಿಯ ಹೆಸರಿನ ಹಲಗೆಯ ಮೇಲೆ ಗಂಡನ ಹೆಸರೇ ಉಳಿಯಿತು. ಅವಳು ಅಚ್ಚು ಹಾಕಿದ ಪುಸ್ತಕಗಳ ಮೊದಲ ಪುಟದಲ್ಲಿ ‘ದಿವಂಗತ ಆಂಬ್ರೋಸ್ ಫೇಗನ್ ಅವರ ವಿಧವೆಯಿಂದ’ ಎಂದು ಇರುತ್ತಿತ್ತು. ಕಾಗದ ಆರಿಸುವವಳು ಅವಳು. ಅಚ್ಚಿನ ಅಕ್ಷರದ ಮೊಳೆ ಜೋಡಿಸಿದ ಪುಟ ತಿದ್ದುವವಳು, ಗಿರಾಕಿಯ ಮುಖ ನೋಡಿ ಪುಸ್ತಕ ತೆಗೆದುಕೊಡುವವಳೂ ಅವಳೇ. ಹೆಸರಿನ ಬಗ್ಗೆ ಅವಳಿಗೆ ಚಿಂತೆ ಇರಲಿಲ್ಲ. ಹೆಸರು ಅನ್ನ ಹಾಕುತ್ತದೆಯೇ ಎನ್ನುತ್ತಿದ್ದಳು.

ಗಂಡ ಸತ್ತ ವರ್ಷದೊಳಗೆ ಅವಳನ್ನು ಮದುವೆಯಾಗುತ್ತೇವೆ ಎಂದು ಸಂಘದವರೇ ಕೆಲವರು ಬಂದರು. ಎಲ್ಲರೂ ಅವಳೊಡನೆ ಮಾತನಾಡುತ್ತಲೇ ಒಳಗಿನ ಅಚ್ಚಿನ ಯಂತ್ರದ ಕಡೆ ಕಣ್ಣು ಹಾಯಿಸುತ್ತಿದ್ದರು. ಅವಳು ಎಲ್ಲರಿಗೂ ಪುಸ್ತಕ ಮಾರಿ ಕಳಿಸಿದಳು.

ಒಂದು ಬೆಳಿಗ್ಗೆ ಒನೋರಾ ಕಿಡ್ ಎಂಬ ಹೆಂಗಸು ಅಂಗಡಿಗೆ ಬಂದಳು. ಅವಳು ದೂರದ ಸಣ್ಣ ಊರಿನವಳು. ಅಣ್ಣ ಮೇಣದಬತ್ತಿ ವ್ಯಾಪಾರಿ. ಅವನ ಮನೆ ನೋಡಿಕೊಂಡು ಇದ್ದಳು. ಮದುವೆಯಾಗಿರಲಿಲ್ಲ. ಅವಳ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಹಸ್ತಪ್ರತಿ ಇತ್ತು.

ಅದು ಒಬ್ಬ ವಿಧವೆಯ ಕತೆ. ಮೂವರು ವರರು ಅವಳ ಬೆನ್ನು ಹತ್ತುತ್ತಾರೆ. ಒಬ್ಬನಿಗೆ ಅವಳ ಹೊಲ ಬೇಕು, ಒಬ್ಬನಿಗೆ ಅವಳ ಅಡುಗೆ ಬೇಕು, ಇನ್ನೊಬ್ಬನಿಗೆ ಅವಳನ್ನು ಉದ್ಧಾರ ಮಾಡಬೇಕು. ಅವಳು ಮೂವರಿಗೂ ಒಂದೇ ದಿನ, ಒಂದೇ ಛತ್ರಕ್ಕೆ ಬರಲು ಹೇಳಿ, ತಾನು ಮಾತ್ರ ಅತ್ತ ಸುಳಿಯುವುದಿಲ್ಲ.

ಹೆಸ್ಟರ್ ನಿಂತಲ್ಲೇ ಓದಲು ಶುರು ಮಾಡಿದಳು. ಸ್ವಲ್ಪ ಹೊತ್ತಿಗೆ ಕುಳಿತಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಗೆ ಮೊಳೆ ಜೋಡಿಸುತ್ತಿದ್ದವನು ಏನಾಯಿತೆಂದು ಹೊರಗೆ ಬಂದು ನೋಡಿದ.

“ಇದನ್ನು ನಾನು ಅಚ್ಚು ಹಾಕುತ್ತೇನೆ” ಎಂದಳು ಹೆಸ್ಟರ್.

“ನನ್ನ ಹೆಸರು ಹಾಕುತ್ತೀರಾ?” ಎಂದು ಒನೋರಾ ಕೇಳಿದಳು.

ಹೆಸ್ಟರ್ ತಲೆ ಅಲ್ಲಾಡಿಸಿದಳು. “ಬೇಡಮ್ಮ. ಇಲ್ಲಿ ಮರ್ಯಾದಸ್ಥ ಹೆಂಗಸರ ಹೆಸರನ್ನು ಅಂಗಡಿಯ ಕಿಟಕಿಯಲ್ಲಿ ನೇತುಹಾಕುವುದಿಲ್ಲ. ‘ಒಬ್ಬ ಮಹಿಳೆ ಬರೆದದ್ದು’ ಎಂದು ಹಾಕೋಣ. ಎಲ್ಲರೂ ಹಾಗೇ ಮಾಡುತ್ತಾರೆ. ಪುಸ್ತಕ ಜನರ ಕೈಗೆ ಹೋದರೆ ಆಯಿತಲ್ಲ?”

ಹೆಸ್ಟರ್ ಈ ವ್ಯಾಪಾರ ಬಲ್ಲವಳು. ಅವಳ ಮಾತು ಸರಿಯಿರಬೇಕು ಎಂದುಕೊಂಡು ಒನೋರಾ ಒಪ್ಪಿದಳು.

ಪುಸ್ತಕ ಹೊರಬಂತು. ಬಿಸಿ ರೊಟ್ಟಿಯಂತೆ ಖರ್ಚಾಯಿತು. ನ್ಯಾಯಾಧೀಶರು ಓದಿದರು, ಮೀನು ಮಾರುವವರು ಓದಿಸಿ ಕೇಳಿದರು. ಇದನ್ನು ಬರೆದವರು ಯಾರು ಎಂದು ಊರಿಗೆ ಊರೇ ಊಹಿಸತೊಡಗಿತು.

ಅದೇ ಊರಿನಲ್ಲಿ ಒಬ್ಬ ಪಂಡಿತನಿದ್ದ. ನೀತಿಯ ಮೇಲೆ ದಪ್ಪ ದಪ್ಪ ಪುಸ್ತಕಗಳನ್ನು ಬರೆದಿದ್ದ. ಅವನ್ನು ಹೆಸ್ಟರಳೇ ಅಚ್ಚು ಹಾಕುತ್ತಿದ್ದಳು. ಅವಳ ಅಚ್ಚುಕೂಟ ನಡೆಯುತ್ತಿದ್ದುದೇ ಆ ಕೆಲಸದ ಬಲದ ಮೇಲೆ. ಯಾರೋ ಒಂದು ಔತಣದಲ್ಲಿ, ಈ ನಗೆಯ ಪುಸ್ತಕವೂ ನಿಮ್ಮದೇ ಇರಬೇಕು ಎಂದರು. ಪಂಡಿತ ಅಲ್ಲ ಎಂದ. ಯಾರೂ ನಂಬಲಿಲ್ಲ. ಎರಡನೆಯ ಔತಣದಲ್ಲಿ ಮತ್ತೆ ಕೇಳಿದರು. ಅವನು ತುಟಿಯಂಚಿನಲ್ಲಿ ನಕ್ಕ. ಮೂರನೆಯ ಔತಣದ ಹೊತ್ತಿಗೆ ಅವನಿಗೆ ಮೇಲಿನ ಪಂಕ್ತಿಯಲ್ಲಿ ಎಲೆ ಹಾಕಿದ್ದರು. ಅಲ್ಲ ಎನ್ನುವುದನ್ನು ಅವನು ನಿಲ್ಲಿಸಿದ.

ಪಂಡಿತನೇ ಬರೆದದ್ದು ಎಂಬ ಸುದ್ದಿ ಒನೋರಾಳ ಊರಿಗೂ ಹೋಯಿತು. ಒಂದು ಸಂಜೆ ಅವಳ ಅಣ್ಣ ಆ ಪುಸ್ತಕ ಕೊಂಡು ತಂದ. ಊಟವಾದ ಮೇಲೆ ತಂಗಿಯನ್ನು ಎದುರಿಗೆ ಕೂರಿಸಿಕೊಂಡು ಜೋರಾಗಿ ಓದಿ ಹೇಳಿದ. ಅವಳಿಗೆ ಅರ್ಥವಾಗದಿರಬಹುದು ಎಂದು ನಡುನಡುವೆ ನಿಲ್ಲಿಸಿ ವಿವರಿಸಿದ.

“ಇದನ್ನು ಬರೆದದ್ದು ನಾನು, ಅಣ್ಣ” ಎಂದಳು ಒನೋರಾ.

ಅಣ್ಣ ಎಷ್ಟು ನಕ್ಕನೆಂದರೆ ಪುಸ್ತಕ ಕೈಯಿಂದ ಜಾರಿತು. “ನೋಡು, ಇದೇ ಇದರ ಗುಣ. ಓದಿದವರಿಗೆಲ್ಲ ತಾವೇ ಬರೆದಂತೆ ಅನಿಸುತ್ತದೆ” ಎಂದ.

ಒನೋರಾ ಮರುದಿನವೇ ಡಬ್ಲಿನ್ನಿಗೆ ಹೊರಟಳು. ಅವಳು ಅಂಗಡಿಯಲ್ಲಿ ಹೆಸ್ಟರಳಿಗೆ ಇದನ್ನು ಹೇಳುತ್ತಿರುವಾಗಲೇ ಪಂಡಿತ ಒಳಗೆ ಬಂದ. ಅವನು ಒನೋರಾಳನ್ನು ನೋಡಿರಲಿಲ್ಲ. ಯಾರೋ ಗಿರಾಕಿ ಎಂದುಕೊಂಡ.

“ಊರೆಲ್ಲ ನನ್ನ ಹೆಸರನ್ನೇ ಹೇಳುತ್ತಿದೆ. ಇಷ್ಟು ಜನರ ಮಾತನ್ನು ಅಲ್ಲಗಳೆಯುವುದು ಸೌಜನ್ಯವಲ್ಲ” ಎಂದು ಅವನು ಹೆಸ್ಟರಳಿಗೆ ಹೇಳಿದ. “ಮುಂದಿನ ಅಚ್ಚಿನಲ್ಲಿ ನೀವು ನನ್ನ ಹೆಸರನ್ನೇ ಹಾಕಿದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ.”

ಒನೋರಾ ಮೆಲ್ಲಗೆ ಕೇಳಿದಳು: “ಬರೆದವಳು ಒಬ್ಬ ಮಹಿಳೆ ಎಂದು ಪುಸ್ತಕದ ಮೇಲೇ ಇದೆಯಲ್ಲ, ಸ್ವಾಮಿ?”

“ಅದು ಬರೆದವನ ಚಮತ್ಕಾರ, ತಾಯಿ. ಹೆಂಗಸಿನ ಮನಸ್ಸು ಇಷ್ಟು ಚೆನ್ನಾಗಿ ಹೆಂಗಸಿಗೆ ಎಲ್ಲಿ ತಿಳಿಯುತ್ತದೆ?” ಎಂದು ಪಂಡಿತ ಹೊರಟುಹೋದ.

ಅವನು ಓಣಿ ದಾಟುವವರೆಗೆ ಇಬ್ಬರೂ ತಡೆದುಕೊಂಡರು. ಆಮೇಲೆ ನಕ್ಕರು. ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ನಕ್ಕರು. ಹೆಸ್ಟರ್ ನಗು ನಿಲ್ಲಿಸಿ ನೋಡಿದಾಗ ಒನೋರಾಳ ಕಣ್ಣಲ್ಲಿ ನೀರು ಇನ್ನೂ ಬರುತ್ತಿತ್ತು. ಅದು ನಗುವಿನ ನೀರಾಗಿರಲಿಲ್ಲ.

“ಅವನನ್ನು ಬೈದು ಪ್ರಯೋಜನವಿಲ್ಲ” ಎಂದಳು ಹೆಸ್ಟರ್. “ಖಾಲಿ ಜಾಗ ಬಿಟ್ಟವಳು ನಾನು. ಅವನು ಬಂದು ಕುಳಿತಿದ್ದಾನೆ, ಅಷ್ಟೆ. ಮುಂದಿನ ಅಚ್ಚಿನಲ್ಲಿ ನಿನ್ನ ಹೆಸರು ಹಾಕುತ್ತೇನೆ.”

“ಬೇಡ” ಎಂದಳು ಒನೋರಾ. “ಅವರ ಕೆಲಸ ಕೈತಪ್ಪಿದರೆ ನಿಮ್ಮ ಅಂಗಡಿ ಮುಚ್ಚಿಹೋಗುತ್ತದೆ. ನನ್ನ ಒಂದು ಹೆಸರಿಗಾಗಿ ಅದು ಬೇಡ.”

ಹೆಸ್ಟರ್ ಮೊಳೆ ಜೋಡಿಸುವವನನ್ನು ಕರೆದು, ಮೊದಲ ಪುಟವನ್ನು ಬಿಚ್ಚಿ ಹೊಸದಾಗಿ ಕಟ್ಟು ಎಂದಳು. ‘ಒಬ್ಬ ಮಹಿಳೆ’ ಎಂದಿದ್ದಲ್ಲಿ ‘ಒನೋರಾ ಕಿಡ್’ ಎಂದು ಹಾಕಿಸಿದಳು. ಅದನ್ನು ನೋಡುತ್ತ ನಿಂತವಳ ಕಣ್ಣು ಕೆಳಗಿನ ಸಾಲಿಗೆ ಹೋಯಿತು. ದಿವಂಗತ ಆಂಬ್ರೋಸ್ ಫೇಗನ್ ಅವರ ವಿಧವೆ. ಅಷ್ಟು ವರ್ಷ ತಾನೇ ತಿದ್ದುತ್ತಿದ್ದ ಸಾಲು ಅದು. ಅಂದು ಅವಳಿಗೆ ಅದು ಬೇರೆ ಯಾರದೋ ಪುಸ್ತಕದ ಸಾಲಿನಂತೆ ಕಂಡಿತು.

“ಇದನ್ನೂ ಬಿಚ್ಚು. ‘ಹೆಸ್ಟರ್ ಫೇಗನ್ ಅಚ್ಚು ಹಾಕಿ ಮಾರಿದ್ದು’ ಎಂದು ಹಾಕು” ಎಂದಳು.

ಹೊಸ ಅಚ್ಚು ಕಿಟಕಿಯಲ್ಲಿ ಕಾಣಿಸಿಕೊಂಡಿತು. ಪಂಡಿತ ಆಳನ್ನು ಕಳಿಸಿ ತನ್ನ ಹಸ್ತಪ್ರತಿಗಳನ್ನೆಲ್ಲ ವಾಪಸು ತರಿಸಿಕೊಂಡ. ಅಚ್ಚಿನ ಯಂತ್ರ ಕೆಲವು ದಿನ ಸುಮ್ಮನೆ ನಿಂತಿತು. ಮೊಳೆ ಜೋಡಿಸುವವನು ಕೈಕಟ್ಟಿ ಕುಳಿತ. ಹೆಸ್ಟರ್ ಕಪಾಟುಗಳನ್ನು ಒರೆಸಿದ್ದನ್ನೇ ಮತ್ತೆ ಒರೆಸಿದಳು. ತಾನು ದುಡುಕಿದೆನೇ ಎಂಬ ಭಯ ಅವಳಿಗೂ ಬಂತು. ಆದರೆ ಪುಟವನ್ನು ಬದಲಾಯಿಸಲಿಲ್ಲ.

ಆಗ ಸಂಘದ ಯಜಮಾನ ಬಂದ. ವಯಸ್ಸಾದವನು, ನಿಯಮ ತಪ್ಪದವನು. ಅಂಗಡಿಯನ್ನು ಮುಚ್ಚಿಸುವ ಅಧಿಕಾರ ಅವನಿಗಿತ್ತು.

“ಅಂಗಡಿ ನಡೆಸಲು ನಿನಗೆ ಅನುಮತಿ ಇರುವುದು ಫೇಗನ್ನನ ವಿಧವೆ ಎಂದು” ಎಂದ ಅವನು. “ಮೊದಲ ಪುಟದಲ್ಲಿ ಅವನ ಹೆಸರಿಲ್ಲ. ನಿನ್ನ ಹೆಸರಿದೆ. ಅದರ ಮೇಲೆ ಇನ್ನೊಬ್ಬ ಹೆಂಗಸಿನ ಹೆಸರು. ಇದೇನು ಹೊಸ ಪದ್ಧತಿ?”

ಹೆಸ್ಟರ್ ಅವನಿಗೆ ಕುರ್ಚಿ ಹಾಕಿದಳು. “ಯಜಮಾನರೇ, ನಾಳೆ ಈ ಪುಸ್ತಕದಲ್ಲಿ ರಾಜನ ಮೇಲೆ ಕೆಟ್ಟ ಮಾತಿದೆ ಎಂದು ಯಾರಾದರೂ ದೂರು ಕೊಟ್ಟರು ಎನ್ನಿ. ಸಿಪಾಯಿಗಳು ಯಾರನ್ನು ಹಿಡಿದುಕೊಂಡು ಹೋಗುತ್ತಾರೆ?”

“ಅಚ್ಚು ಹಾಕಿದವರನ್ನು. ಬರೆದವರು ಸಿಕ್ಕರೆ ಅವರನ್ನೂ.”

“ನನ್ನ ಗಂಡ ಸ್ಮಶಾನದಲ್ಲಿದ್ದಾನೆ. ಅವನನ್ನು ಎಬ್ಬಿಸುತ್ತಾರೆಯೇ?”

“ಇಲ್ಲ. ನಿನ್ನನ್ನು ಒಯ್ಯುತ್ತಾರೆ.”

“ನಾವೂ ಅಷ್ಟನ್ನೇ ಮಾಡಿದ್ದೇವೆ” ಎಂದಳು ಹೆಸ್ಟರ್. “ಸೆರೆಮನೆಗೆ ಹೋಗುವವರು ಯಾರೋ ಅವರ ಹೆಸರು ಹಾಕಿದ್ದೇವೆ. ಇದರಲ್ಲಿ ಪಂಡಿತರಿಗೂ ಪಾಲು ಬೇಕಿದ್ದರೆ ಬಂದು ಹೇಳಲಿ. ಅವರ ಹೆಸರನ್ನೂ ಸೇರಿಸುತ್ತೇನೆ.”

ಯಜಮಾನ ಗಡ್ಡ ಕೆರೆದುಕೊಂಡ. ನಿಯಮವನ್ನು ಮನಸ್ಸಿನಲ್ಲೇ ಮೊದಲಿನಿಂದ ಕೊನೆಯವರೆಗೆ ಓದಿಕೊಂಡ. ವಿಧವೆ ಅಂಗಡಿ ನಡೆಸಬಹುದು ಎಂದು ಅದರಲ್ಲಿತ್ತು. ಪುಸ್ತಕದ ಮೇಲೆ ಯಾರ ಹೆಸರಿರಬೇಕು ಎಂಬುದು ಅದರಲ್ಲಿ ಇರಲೇ ಇಲ್ಲ. ಯಾರೂ ಕೇಳದಿದ್ದುದರಿಂದ ಯಾರೂ ಬರೆದಿರಲಿಲ್ಲ.

ಅವನು ಯೋಚಿಸುತ್ತ ಎದುರಿಗಿದ್ದ ಪ್ರತಿಯನ್ನು ಎತ್ತಿಕೊಂಡು ಒಂದು ಹಾಳೆ ತಿರುವಿದ. ಇನ್ನೊಂದು ತಿರುವಿದ. ವಿಧವೆಯನ್ನು ಉದ್ಧಾರ ಮಾಡಲು ಹೊರಟ ವರನ ಪ್ರಸಂಗ ಬಂದಾಗ ಅವನ ಭುಜ ಕುಲುಕತೊಡಗಿತು. ಅಂಥವನೊಬ್ಬ ಅವನಿಗೆ ಗೊತ್ತಿದ್ದನಂತೆ.

“ಸಂಘದಲ್ಲಿ ಇದರ ಬಗ್ಗೆ ಚರ್ಚೆಯಾಗಬೇಕು” ಎಂದು ಎದ್ದುನಿಂತು ಹೇಳಿದ. “ಸದಸ್ಯರು ಓದದೆ ಚರ್ಚಿಸುವಂತಿಲ್ಲ. ಎಲ್ಲರಿಗೂ ಒಂದೊಂದು ಪ್ರತಿ ಕಟ್ಟು.”

ಅವರು ಓದಿದರು. ಚರ್ಚೆ ಮುಂದಿನ ಸಭೆಗೆ ಹೋಯಿತು, ಅಲ್ಲಿಂದ ಅದರ ಮುಂದಿನ ಸಭೆಗೆ ಹೋಯಿತು. ಕೊನೆಗೆ ಎಲ್ಲರೂ ಅದನ್ನು ಮರೆತರು. ಅಂಗಡಿ ಉಳಿಯಿತು.

ಪುಸ್ತಕದ ಮೇಲೆ ಹೆಂಗಸಿನ ಹೆಸರು ಕಂಡ ಮೇಲೆ, ಬರೆದಿಟ್ಟುಕೊಂಡಿದ್ದ ಬೇರೆ ಹೆಂಗಸರಿಗೂ ಧೈರ್ಯ ಬಂತು. ಸೂಲಗಿತ್ತಿಯೊಬ್ಬಳು ಬಾಣಂತಿಯ ಆರೈಕೆಯ ಮೇಲೆ ಬರೆದದ್ದನ್ನು ತಂದಳು. ಹಡಗಿನ ನಾಯಕನ ಹೆಂಡತಿ ತಾನು ಕಂಡ ಬಂದರುಗಳ ಬಗ್ಗೆ ಬರೆದದ್ದನ್ನು ತಂದಳು. ಅಚ್ಚಿನ ಯಂತ್ರಕ್ಕೆ ಬಿಡುವಿಲ್ಲದಂತಾಯಿತು. ಮೊಳೆ ಜೋಡಿಸುವವನು ಕೆಲಸ ಹೆಚ್ಚಾಯಿತು ಎಂದು ಗೊಣಗಿದ. ಅವನು ಗೊಣಗುವುದನ್ನು ಕೇಳಿ ಹೆಸ್ಟರಳಿಗೆ ಸಂತೋಷವಾಯಿತು.

ಒನೋರಾಳ ಅಣ್ಣನೂ ಹೊಸ ಅಚ್ಚನ್ನು ನೋಡಿದ. ಮೊದಲ ಪುಟವನ್ನು ಓದಿ, ತಂಗಿಯ ಮುಖ ನೋಡಿ, ಹೋಗಿ ತನ್ನ ಅಂಗಡಿಯ ಅತ್ಯಂತ ದೊಡ್ಡ ಮೇಣದಬತ್ತಿಯನ್ನು ತಂದು ಅವಳು ಬರೆಯುವ ಮೇಜಿನ ಮೇಲಿಟ್ಟ. ಆಮೇಲೆ ಮೇಣದಬತ್ತಿ ಕೊಳ್ಳಲು ಬಂದವರೆಲ್ಲ ಪುಸ್ತಕದ ಸುದ್ದಿ ಕೇಳದೆ ಹೊರಹೋಗುವಂತಿರಲಿಲ್ಲ.

ಪಂಡಿತ ಕೆಲವು ದಿನ ಔತಣಗಳಿಗೆ ಹೋಗಲಿಲ್ಲ. ಮತ್ತೆ ಹೋದಾಗ ಯಾರೋ ಆ ಪುಸ್ತಕದ ಮಾತೆತ್ತಿದರು. ಅವನು ಗಂಭೀರವಾಗಿ ಹೇಳಿದ: “ಅದನ್ನು ಒಬ್ಬ ಹೆಂಗಸು ಬರೆದದ್ದು ಎಂದು ಈ ಊರಿನಲ್ಲಿ ಮೊದಲು ಗುರುತಿಸಿದವನೇ ನಾನು.”

ಗುರುಗಳು ಕತೆ ಮುಗಿಸಿದರು. ಶಿಷ್ಯ ಮನಸಾರೆ ನಕ್ಕ. ನಕ್ಕು ಮುಗಿಸಿ ಹೇಳಿದ:

“ಕತೆ ಚೆನ್ನಾಗಿದೆ, ಅಪ್ಪಾವರೇ. ಆದರೆ ಅವರು ಸಂಸಾರಿಗಳು, ವ್ಯಾಪಾರಿಗಳು. ಅವರಿಗೆ ಹೆಸರು ಬೇಕು. ಮಠದವರು ಎಲ್ಲವನ್ನೂ ಬಿಟ್ಟು ಬಂದವರು. ನಮ್ಮ ಪುಸ್ತಕದಲ್ಲಿ ಹೆಸರೇಕೆ?”

“ನಿನ್ನ ಮಾತು ನಿಜ” ಎಂದರು ಗುರುಗಳು. “ಹಾಗಾದರೆ ಆ ಪುಸ್ತಕದ ಮೇಲೆ ಸಂಪಾದಕರು ಎಂದು ಯಾರ ಹೆಸರು ಬರುತ್ತದೆ, ತಮ್ಮಾ?”

“ನನ್ನದು, ಅಪ್ಪಾವರೇ” ಎಂದ ಶಿಷ್ಯ.