ಅಡಿವೆಯ್ಯನ ಒಂದನೆಯ ದಿನ

ಅಡಿವೆಯ್ಯ ಇಪ್ಪತ್ತು ವರ್ಷ ಊರೂರು ತಿರುಗಿ ಕೀರ್ತನೆ ಮಾಡಿದವನು. ಸಿಕ್ಕಾಗ ಉಂಡ, ಸಿಕ್ಕಲ್ಲಿ ಒರಗಿದ. ನಲವತ್ತು ತುಂಬುವಷ್ಟರಲ್ಲಿ ಹೊಟ್ಟೆಯ ಉರಿ ಗಂಟಲಿಗೇರಿ ದನಿ ಒಡೆದುಹೋಯಿತು.

ಹಲವು ಊರುಗಳ ಔಷಧಿ ಕುಡಿದು ಸೋತು, ಕೊನೆಗೆ ಹೊಳೆದಂಡೆಯ ಮಠಕ್ಕೆ ಬಂದು ಕರಿಬಸವಜ್ಜನವರ ಕಾಲಿಗೆ ಬಿದ್ದ. ಅಜ್ಜನವರಿಗೆ ಎಂಬತ್ತು ದಾಟಿತ್ತು. ಈಗಲೂ ಹೊಳೆಯಿಂದ ತಮ್ಮ ಕೊಡವನ್ನು ತಾವೇ ಹೊತ್ತು ತರುತ್ತಿದ್ದರು.

“ಅಜ್ಜಾರ, ಹಾಡದಿದ್ರ ನಾನು ಯಾರೂ ಅಲ್ಲ. ಎಂಥ ಕಠಿಣ ವ್ರತ ಆದರೂ ಹೇಳ್ರಿ, ಮಾಡ್ತೀನಿ.”

ಅಂಥದೊಂದು ದೊಡ್ಡ ವ್ರತ ಇದೆ ಎಂದರು ಅಜ್ಜ. ಆದರೆ ಅದಕ್ಕೂ ಮೊದಲು ಮೂರು ದಿನದ ತಯಾರಿ ಆಗಬೇಕು. ಹಸಿವಾದಾಗ ಕೂತು, ಮಾತಾಡದೆ, ಅಗಿದು ಉಣ್ಣಬೇಕು. ಸಂಜೆ ಹೊಳೆಗುಂಟ ಹಳೇ ಗುಡಿಯವರೆಗೆ ನಡೆದು ಬರಬೇಕು. ಮಠದ ದೀಪ ಆರಿಸಿದೊಡನೆ ಮಲಗಬೇಕು. ನಡುವೆ ಒಂದು ತಪ್ಪಿದರೂ ಮತ್ತೆ ಮೊದಲಿನಿಂದ.

ಅಡಿವೆಯ್ಯನಿಗೆ ನಗು ಬಂತು. ಮಕ್ಕಳಿಗೆ ಹೇಳುವ ಮಾತನ್ನು ತನಗೆ ಹೇಳುತ್ತಿದ್ದಾರಲ್ಲ ಅನ್ನಿಸಿತು.

ಮೊದಲ ದಿನವೇ, ಬಾಯಿಯಲ್ಲಿ ರೊಟ್ಟಿ ಇಟ್ಟುಕೊಂಡು, ಒಮ್ಮೆ ಕೀರ್ತನೆಯ ನಡುವೆ ಹಂದರ ಕುಸಿದುಬಿದ್ದ ಕಥೆ ಹೇಳತೊಡಗಿದ. ಜನ ನಕ್ಕರು. ಕಥೆ ಮುಗಿದಾಗ ತಾಟು ಖಾಲಿಯಾಗಿತ್ತು. ಏನು ಉಂಡೆನೆಂಬುದೇ ಅವನಿಗೆ ನೆನಪಿರಲಿಲ್ಲ.

ಅಜ್ಜ ಒಂದು ಬೆರಳು ಎತ್ತಿ ತೋರಿಸಿದರು.

ಮರುದಿನ ಊಟ ಸರಿಹೋಯಿತು. ಸಂಜೆ ಗುಡಿಯ ಹತ್ತಿರ ಪರಿಚಯದವನೊಬ್ಬ ಸಿಕ್ಕ. ಇಬ್ಬರೂ ಕಟ್ಟೆಯ ಮೇಲೆ ಹರಟೆಗೆ ಕೂತರು, ಅಡಿವೆಯ್ಯ ವಾಪಸು ಅವನ ಚಕ್ಕಡಿಯಲ್ಲೇ ಬಂದಿಳಿದ. ಮತ್ತೆ ಒಂದು ಬೆರಳು.

ಹೀಗೇ ತಿಂಗಳು ಕಳೆಯಿತು. ಒಂದನೆಯ ದಿನದ ಸಂಜೆಯವರೆಗೆ ಹೋಗುವುದು, ಜಾರುವುದು. ಅಡುಗೆಯ ನೀಲವ್ವ ದಿನಾ ಬೆಳಿಗ್ಗೆ ಕೇಳುತ್ತಿದ್ದಳು: “ಇವತ್ತು ಎಷ್ಟನೇ ದಿನಾರೀ?”

“ಒಂದನೇದು,” ಎನ್ನುತ್ತಿದ್ದ ಅಡಿವೆಯ್ಯ. ಮಠಕ್ಕೆ ಮಠವೇ ನಗುತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಅವನಿಗೆ ರೇಗಿತು. ಮೂರು ದಿನ ನೆಟ್ಟಗೆ ಬದುಕಲಾರದವನಿಗೆ ವ್ರತ ಯಾಕೆ ಎಂದು ಗಂಟು ಕಟ್ಟಿ, ಅಜ್ಜನವರಿಗೆ ಹೇಳಿ ಹೊರಟ. ಅಜ್ಜ ತಡೆಯಲಿಲ್ಲ.

“ಹೋಗಾಂವ ಉಂಡು ಹೋಗು,” ಎಂದರಷ್ಟೇ.

ಗಂಟನ್ನು ಪಕ್ಕಕ್ಕಿಟ್ಟು ಕೂತ. ಸಿಟ್ಟಿಗೆ ಮಾತು ಹೊರಡಲಿಲ್ಲ. ಸಿಟ್ಟಿನಲ್ಲೇ ಅಗಿದ. ನಾಲ್ಕನೆಯ ತುತ್ತಿಗೆ ಅವನ ದವಡೆ ನಿಧಾನವಾಯಿತು. ಹೆಸರುಕಾಳಿನ ಪಲ್ಯ ಸಿಹಿಯಾಗಿತ್ತು. ಜೋಳದ ರೊಟ್ಟಿಯ ಅಂಚಿನಲ್ಲಿ ಸುಟ್ಟ ಘಮವಿತ್ತು.

ಉಂಡು ಕೈತೊಳೆದ ಮೇಲೆ, ಇವತ್ತು ಏನು ಹೊಸದು ಹಾಕಿದ್ದೀಯೆಂದು ನೀಲವ್ವನನ್ನು ಕೇಳಿದ.

“ನೀವು ಬಂದಾಗಿನಿಂದ ದಿನಾ ಇದನ್ನೇ ಬಡಸ್ತೀನಿ,” ಎಂದಳು ನೀಲವ್ವ.

ಅಡಿವೆಯ್ಯ ಗಂಟು ಬಿಚ್ಚಿ, ಧೋತರವನ್ನು ಮತ್ತೆ ಗೂಟಕ್ಕೆ ಹಾಕಿ, ಸಂಜೆ ಗುಡಿಯವರೆಗೆ ನಡೆದು ಬಂದ.

ಅಂದಿನಿಂದ ಎಣಿಸುವುದು ಮರೆತುಹೋಯಿತು. ಹಸಿವು ಹೊತ್ತಿಗೆ ಸರಿಯಾಗಿ ಬರತೊಡಗಿತು. ತಲೆ ದಿಂಬಿಗೆ ತಾಗಿದರೆ ನಿದ್ದೆ. ಒಂದು ಸಂಜೆ ಭಜನೆಯಲ್ಲಿ ಎಲ್ಲರೊಡನೆ ಗುನುಗುತ್ತಿದ್ದವನು ತನಗೆ ಅರಿವಿಲ್ಲದೆ ಮೇಲಿನ ಸ್ವರಕ್ಕೆ ಏರಿದ. ದನಿ ಒಡೆಯಲಿಲ್ಲ. ಒಬ್ಬೊಬ್ಬರಾಗಿ ಉಳಿದವರು ಹಾಡುವುದನ್ನು ನಿಲ್ಲಿಸಿದರು. ಅವನೊಬ್ಬನೇ ಹಾಡುತ್ತಿದ್ದ, ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಮರುದಿನ ಬೆಳಿಗ್ಗೆ ಬೆರಳು ಮಡಿಸಿ ಲೆಕ್ಕ ಹಾಕಿದರೆ, ಮೂರು ದಿನ ಯಾವಾಗಲೋ ಮುಗಿದಿತ್ತು. ಹೊಳೆಗೆ ಓಡಿದ. ಅಜ್ಜ ಕೊಡ ತುಂಬಿಕೊಳ್ಳುತ್ತಿದ್ದರು.

“ಅಜ್ಜಾರ, ತಯಾರಿ ಮುಗೀತು. ಇನ್ನ ಆ ದೊಡ್ಡ ವ್ರತ ಹೇಳ್ರಿ.”

ಅಜ್ಜ ಕೊಡವನ್ನು ಹೆಗಲಿಗೇರಿಸಿಕೊಂಡು ನಕ್ಕರು.

“ಅದರ ಹೆಸರು ನಾಲ್ಕನೇ ದಿನ.”