ಕಡಲಸೌತೆ ಮರಳು ತಿನ್ನುವುದೇಕೆ?

ಆಗ ಲೋಕ ಇನ್ನೂ ಹಸಿಹಸಿಯಾಗಿತ್ತು ಪುಟ್ಟೀ. ಎಲ್ಲಿ ನಿಲ್ಲಬೇಕೆಂದು ಕಡಲಿಗೇ ಗೊತ್ತಿರಲಿಲ್ಲ. ಮನಸ್ಸು ಬಂದರೆ ಮನೆಯಂಗಳಕ್ಕೂ ಬಂದುಬಿಡುತ್ತಿತ್ತು.

ದಡದಲ್ಲಿ ಬಚ್ಚಮ್ಮ ಎಂಬ ಅಜ್ಜಿ ಇದ್ದಳು. ಅವಳ ಅಂಗಳದಲ್ಲಿ ಒಂದು ಸೌತೆಬಳ್ಳಿ. ಇಡೀ ಲೋಕಕ್ಕೆ ಅದೊಂದೇ! ಬಳ್ಳಿ ಒಣಗಿದಾಗ ಕೊನೆಯ ಕಾಯಿಯ ಬೀಜ ತೆಗೆದು, ಬೂದಿ ಬೆರೆಸಿ, ಮೊರದಲ್ಲಿ ಒಣಹಾಕಿದಳು. ಕಡಲು ಬಂತು, ಮೊರ ಮಗುಚಿತು, ಬೀಜವನ್ನೆಲ್ಲ ಎಳೆದುಕೊಂಡು ಹೋಯಿತು.

“ಅಯ್ಯೋ, ಇನ್ನು ಮಕ್ಕಳಿಗೆ ಸೌತೆಕಾಯಿ ಅಂದ್ರೆ ಎಂತ ಅಂತಲೇ ಗೊತ್ತಾಗುದಿಲ್ವಲ್ಲ!” ಬಚ್ಚಮ್ಮ ನೀರಿನಂಚಿನಲ್ಲಿ ಕೂತು ಅತ್ತಳು.

ಬೀಜ ಹುಡುಕಿಕೊಡು ಎಂದು ಮೀನನ್ನು ಕೇಳಿದಳು. “ನಂಗೆ ಪುರುಸೊತ್ತಿಲ್ಲ” ಅಂದಿತು ಮೀನು.

ಏಡಿಯನ್ನು ಕೇಳಿದಳು. “ಮರಳಲ್ಲಿ ಬೀಜ ಹುಡುಕೂದಾ? ತಲೆ ಸಮ ಉಂಟಾ ನಿಂಗೆ?” ಅಂದಿತು ಏಡಿ. ಏಡಿಗೆ ಮೊದಲಿಂದಲೂ ಬಾಯಿ ಜೋರು.

ನೀರಿನ ತಳದಲ್ಲಿ ಒಂದು ಮೆತ್ತಗಿನ ಪ್ರಾಣಿ ಬಿದ್ದಿತ್ತು. ಕಣ್ಣಿಲ್ಲ, ಮೂಗಿಲ್ಲ, ಹೆಸರೂ ಇಲ್ಲ.

“ನಾನು ಹುಡುಕ್ತೇನೆ ಅಜ್ಜಿ.”

“ಕಣ್ಣೇ ಇಲ್ಲ, ಹೇಗೆ ಹುಡುಕ್ತಿ ಮಾರಾಯಾ?”

“ತಿಂದು ನೋಡ್ತೇನೆ.”

ಮರಳು ತಿಂದಿತು, ಮರಳು ಬಿಟ್ಟಿತು. ತಿಂದಿತು, ಬಿಟ್ಟಿತು. ಬೀಜ ಸಿಕ್ಕರೆ ಮಾತ್ರ ಹೊಟ್ಟೆಯಲ್ಲೇ ಇಟ್ಟುಕೊಂಡಿತು. ತುಂಬಿ ತುಂಬಿ ಮೈ ಉದ್ದವಾಯಿತು, ಮೇಲೆಲ್ಲ ಗುಳ್ಳೆ ಎದ್ದವು. ಹಾಗೇ ತೆವಳುತ್ತ ದಡಕ್ಕೆ ಬಂತು.

ಆದರೆ ಬೀಜ ಕರುಳಿಗೆ ಅಂಟಿಕೊಂಡಿತ್ತು. ಕೆಮ್ಮಿದರೂ ಬರಲಿಲ್ಲ, ತಿಣುಕಿದರೂ ಬರಲಿಲ್ಲ.

“ಅಜ್ಜಿ, ಕರುಳು ಸಮೇತ ಕೊಡ್ಲಾ?”

“ಬೇಡ ಮಗಾ, ಸತ್ತು ಹೋಗ್ತಿ! ಸೌತೆಕಾಯಿ ಇಲ್ಲದಿದ್ರೆ ಅಷ್ಟೇ ಹೋಯ್ತು.”

ಅದು ಕೇಳಲೇ ಇಲ್ಲ. ಮೈ ಬಿಗಿಹಿಡಿದು, ಹೊಟ್ಟೆಯೊಳಗಿನದನ್ನೆಲ್ಲ ಮರಳಿನ ಮೇಲೆ ಚೆಲ್ಲಿಬಿಟ್ಟಿತು. ಬೀಜಗಳೂ ಬಂದವು. ಪ್ರಾಣಿ ಬರಿಯ ಚೀಲವಾಗಿ ಬಿದ್ದುಕೊಂಡಿತು.

ಬಚ್ಚಮ್ಮ ಅದನ್ನು ಸೆರಗಿನಲ್ಲಿ ಎತ್ತಿಕೊಂಡು ಕಡಲಿಗೆ ಗದರಿದಳು. “ನೀನು ಕದ್ದೆ, ಇದು ತೆತ್ತಿತು. ಇದನ್ನು ಬದುಕಿಸಿ ಕೊಡು!”

ಕಡಲಿಗೆ ನಾಚಿಕೆಯಾಯಿತು. ಪ್ರಾಣಿಯನ್ನು ಅಲೆಯಲ್ಲಿ ಎತ್ತಿಕೊಂಡು ಮೆಲ್ಲಗೆ ತೂಗಿತು, ಉಣಿಸಿತು. ದಿನ ಕಳೆದಂತೆ ಹೊಸ ಕರುಳು ಬೆಳೆಯಿತು. ದಡದಲ್ಲಿ ಸೌತೆಬಳ್ಳಿಯೂ ಕುಡಿಯೊಡೆಯಿತು.

“ನನ್ನ ಸೌತೆಯನ್ನು ಹೊಟ್ಟೆಯಲ್ಲಿ ಹೊತ್ತದ್ದು ನೀನು. ಇನ್ನು ನಿನ್ನ ಹೆಸರು ಕಡಲಸೌತೆ” ಎಂದಳು ಬಚ್ಚಮ್ಮ. ಅವಳ ಕಣ್ಣು ತುಂಬಿತ್ತು.

“ಬೀಜ ಎಲ್ಲ ಸಿಕ್ಕಿತಾ ಅಜ್ಜಿ?”

“ನಾನು ಎಣಿಸಿಯೇ ಇರಲಿಲ್ಲ ಮಗಾ.”

“ಹಾಗಾದ್ರೆ ಇನ್ನೊಮ್ಮೆ ನೋಡ್ತೇನೆ” ಎಂದು ಅದು ಮತ್ತೆ ನೀರಿನ ತಳಕ್ಕಿಳಿಯಿತು.

ಇಂದಿಗೂ ಕಡಲಸೌತೆ ಮರಳು ತಿನ್ನುತ್ತ, ಮರಳು ಬಿಡುತ್ತ ಹುಡುಕುತ್ತಲೇ ಇದೆ. ನೀನು ಅದನ್ನು ಕಂಡರೆ ಮುಟ್ಟಿ ಹೆದರಿಸಬೇಡ ಪುಟ್ಟೀ; ಬೀಜ ಕೇಳಲು ಬಂದೆ ಅಂದುಕೊಂಡು, ಪಾಪ, ಹೊಟ್ಟೆಯನ್ನೇ ಚೆಲ್ಲಿ ಕೊಟ್ಟುಬಿಡುತ್ತದೆ.